ಪಡಸಾಲೆಗೆ ಬಾಡಿಗೆ ಇರಲಿಲ್ಲ

ನಮ್ಮ ಭಾಗದಲ್ಲಿ ರಾತ್ರಿ ಮಲಗುವ ಜಾಗಕ್ಕೆ ರೊಕ್ಕ ಕೊಡುವ ರೂಢಿ ಬಂದದ್ದು ರೈಲಿನ ಬೆನ್ನಿಗೆ. ಅದಕ್ಕೂ ಮುಂಚೆ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಹೊರಟವರು ಹೊತ್ತು ಮುಳುಗಿದ ಊರಿನಲ್ಲಿ ಯಾರದೋ ಪಡಸಾಲೆಯಲ್ಲಿ, ಇಲ್ಲವೇ ಮಠದ ಹಜಾರದಲ್ಲಿ, ಅದೂ ಇಲ್ಲದಿದ್ದರೆ ಗುಡಿಯ ಮಂಟಪದಲ್ಲಿ ಒರಗುತ್ತಿದ್ದರು. ಬೆಳಗ್ಗೆ ಎದ್ದು ‘ಎಷ್ಟಾಯ್ತು?’ ಎಂದು ಕೇಳಿದ್ದರೆ ಮನೆಯವರು ಸಿಟ್ಟಿಗೇಳುತ್ತಿದ್ದರು. ನಮ್ಮ ಮುತ್ಯಾ ಇದರ ಬಗ್ಗೆ ಒಂದೇ ಮಾತು ಹೇಳುತ್ತಿದ್ದ: “ಅನ್ನಾನೂ ಮಾರಬಾರ್ದು, ನೆಳ್ಳಾನೂ ಮಾರಬಾರ್ದು.”

ನಾನು ಶಹಾಬಾದಿನಲ್ಲಿ ಪರಸಿ ವ್ಯಾಪಾರ ಮಾಡಿ ಮುದುಕನಾದವನು. ಕಲ್ಲು ಮಾರಿದವನಿಗೆ ಇತಿಹಾಸದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ನೆಲದ ಮೇಲೆ, ಆಮೇಲೆ ಮಂದಿಯ ಕಡೆ. ಮಂದಿ ತಮ್ಮ ಮನೆತನದ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಲಿ, ನೆಲದ ಮುಂದೆ ಅದು ನಡೆಯುವುದಿಲ್ಲ.

ಹೋದ ಚಳಿಗಾಲದಲ್ಲಿ ತಮ್ಮನ ಮಗಳು ಗಂಡನ ಜೊತೆ ಮೊರಾಕೊ ದೇಶದ ಮರ್ರಾಕೆಶ್‌ಗೆ ಹೋಗಿದ್ದಳು. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ, “ದೊಡ್ಡಪ್ಪಾ, ಇಲ್ಲಿ ನೋಡ್ರಿ, ನಮ್ಮ ವಾಡೆ ಇದ್ದಂಗೇ ಅದ,” ಎಂದು ತಾವು ಇಳಿದುಕೊಂಡಿದ್ದ ಹೋಟೆಲ್ಲನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. ಸಣ್ಣ ಓಣಿ, ಎರಡೂ ಕಡೆ ಕಿಟಕಿಯಿಲ್ಲದ ಬೋಳು ಗೋಡೆ, ಅದರಲ್ಲೊಂದು ಬಾಗಿಲು. ಒಳಗೆ ಕಾಲಿಟ್ಟರೆ ಮೇಲೆ ಆಕಾಶಕ್ಕೆ ತೆರೆದ ಅಂಗಳ, ನಡುವೆ ನೀರಿನ ಕಾರಂಜಿ, ಕಿತ್ತಳೆ ಗಿಡ, ಸುತ್ತಲೂ ಕಂಬದ ಸಾಲು, ಅದರ ಹಿಂದೆ ಖೋಲಿಗಳು. ಇಂಥ ಮನೆಗೆ ಅಲ್ಲಿ ರಿಯಾದ್ ಎನ್ನುತ್ತಾರೆ. ಒಂದು ಕಾಲಕ್ಕೆ ವ್ಯಾಪಾರಸ್ಥರ, ಅಧಿಕಾರಿಗಳ ಮನೆಗಳು. ಮಕ್ಕಳು ಹೊಸ ಬಡಾವಣೆಗೆ ಹೋದ ಮೇಲೆ ಪಾಳು ಬೀಳುತ್ತಿದ್ದವು. 1985ರಲ್ಲಿ ಮರ್ರಾಕೆಶ್‌ನ ಹಳೆ ಊರು ಯುನೆಸ್ಕೋ ಪಟ್ಟಿಗೆ ಸೇರಿತು. 1990ರ ದಶಕದಿಂದ ಈಚೆಗೆ ಯುರೋಪಿನವರು ಬಂದು ಇವನ್ನು ಕೊಂಡು, ಸರಿಪಡಿಸಿ, ಐದಾರು ಖೋಲಿಯ ಹೋಟೆಲ್ ಮಾಡಿದರು. ಒಂದು ರಾತ್ರಿಯ ಬಾಡಿಗೆ ಎಷ್ಟೆಂದು ಕೇಳಿದೆ. ಆ ರೊಕ್ಕಕ್ಕೆ ನಾನು ಒಂದು ಸಣ್ಣ ಮನೆಯ ಪಡಸಾಲೆಗೆ ಹೊಸ ನೆಲ ಹಾಸಿಕೊಟ್ಟೇನು.

ಅವಳು ಹೇಳಿದ್ದು ಬರೀ ಅಭಿಮಾನದ ಮಾತಲ್ಲ. ನಮ್ಮ ವಾಡೆಯದೂ ಅದೇ ಲೆಕ್ಕ. ಬಿಸಿಲು ನಲವತ್ತೆರಡು ಡಿಗ್ರಿ ದಾಟುವ ನಾಡಿನಲ್ಲಿ ಮನೆ ಹೊರಗೆ ಮುಖ ಮಾಡಿ ಕೂಡುವುದಿಲ್ಲ, ಒಳಗೆ ತಿರುಗಿ ಕೂಡುತ್ತದೆ. ಬೀದಿಗೆ ಎತ್ತರದ ಕಲ್ಲುಗೋಡೆ, ಎತ್ತಿನ ಬಂಡಿ ಹಾಯುವಷ್ಟು ದೊಡ್ಡ ತಲಬಾಗಿಲು, ಆ ಬಾಗಿಲಿನೊಳಗೆ ಕಾವಲಿನವರು ಕೂಡುವ ದೇವಡಿ, ಎರಡೂ ಬದಿ ಕಟ್ಟೆ. ಅಲ್ಲಿಂದ ಅಂಗಳ. ಅಂಗಳದ ಸುತ್ತ ಕಟ್ಟಿಗೆ ಕಂಬದ ಪಡಸಾಲೆ, ಅದರಾಚೆ ನಡುಮನೆ, ದೇವರ ಖೋಲಿ, ಅಡುಗೆಮನೆ, ಹಗೇವು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ನಡುನಡುವೆ ಬೆಳಕಿಂಡಿ. ಗಚ್ಚಿನ ಕುಸುರಿ, ಬಣ್ಣದ ಹೆಂಚಿನ ಚಿತ್ತಾರ ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ನೆಲ.

ಆ ನೆಲದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಿದರೆ ಓದುಗರು ತಾಳಿಕೊಳ್ಳಬೇಕು. ಭೀಮಾ, ಕಾಗಿಣಾ ನಡುವಿನ ಈ ಸೀಮೆಯ ಕಲ್ಲು ಸುಣ್ಣದ ಕಲ್ಲು, ಪದರಗಲ್ಲು. ಮೇಲಿನ ಮಣ್ಣು ಸರಿಸಿದರೆ ಕೌದಿಯ ಮೇಲೆ ಕೌದಿ ಮಡಚಿಟ್ಟಂತೆ ಕಾಣುತ್ತದೆ. ಸಂದಿ ನೋಡಿ ಹಾರೆ ಹಾಕಿ ಎಬ್ಬಿಸಿದರೆ ಒಂದಿಂಚು, ಎರಡಿಂಚು ದಪ್ಪದ ಹಾಸು ತಾನಾಗಿ ಏಳುತ್ತದೆ. ಕೊಯ್ಯುವ ಮಷೀನು ಬರುವುದಕ್ಕೂ ಬಹಳ ಮೊದಲೇ ನಮ್ಮ ಮಂದಿ ಇದನ್ನು ಕೈಯಲ್ಲೇ ಎಬ್ಬಿಸಿ, ಉಳಿಯಿಂದ ಅಂಚು ಹೊಡೆದು ಹಾಸಿದರು. ಬಡವರ ಮನೆಗೆ ಗೋಡೆಯೂ ಇದೇ, ಮಾಳಿಗೆಯೂ ಇದೇ, ಹಿತ್ತಲ ಬೇಲಿಯೂ ಇದೇ. ಬೇಸಿಗೆಯಲ್ಲಿ ಬರಿಮೈಲಿ ಮಲಗಿದರೆ ಬೆನ್ನಿಗೆ ತಣ್ಣಗೆ ಹತ್ತುತ್ತದೆ.

ಆದರೆ ಸುಣ್ಣದ ಕಲ್ಲಿಗೆ ಒಂದು ದೌರ್ಬಲ್ಯ, ಹುಳಿ ತಡೆಯುವುದಿಲ್ಲ. ಹುಣಸೆಹುಳಿಯೋ ಲಿಂಬಿಕಾಯಿ ರಸವೋ ಬಿದ್ದರೆ ಆ ಜಾಗದ ಹೊಳಪು ಸಾಯುತ್ತದೆ. ಅಡುಗೆಮನೆಯಲ್ಲಿ ಇದು ಸಹಜ. ಹಳೇ ವಾಡೆಗಳಲ್ಲಿ ನಾನು ನೋಡಿದ್ದು ಏನೆಂದರೆ, ಅಂಥ ಕಳೆಗುಂದಿದ ಪಟ್ಟಿ ಪಡಸಾಲೆಯಲ್ಲೂ ಉದ್ದಕ್ಕೆ ಸಾಲಾಗಿ ಇರುತ್ತದೆ. ಅಂದರೆ ಅಲ್ಲಿ ಪಂಕ್ತಿ ಕೂಡುತ್ತಿತ್ತು, ವರ್ಷಗಟ್ಟಲೆ ಕೂಡುತ್ತಿತ್ತು, ಬ್ಯಾಳಿ ಸಾರು, ಪುಂಡಿಪಲ್ಯ ಚೆಲ್ಲುತ್ತಿತ್ತು. ಮನೆಯವರು ಉಣ್ಣುವುದು ಒಳಗೆ. ಪಡಸಾಲೆಯ ಪಂಕ್ತಿ ಹೊರಗಿನಿಂದ ಬಂದವರದು. ಎತ್ತು ಮಾರಲು ಹೊರಟವರು, ಕೋರ್ಟಿಗೆ ಬಂದವರು, ಜಂಗಮರು, ಬೀಗರ ಊರಿನವರು, ದಾರಿ ತಪ್ಪಿದವರು. ಮನೆಯವರ ಬಾಯಲ್ಲಿ ಬರುತ್ತಿದ್ದ ಪ್ರಶ್ನೆ ಎರಡೇ. “ಯಾವೂರು ನಿಮ್ದು?” “ಊಟ ಆಗ್ಯದೇನ್ರಿ?”

ಅದೇ ನೆಲ ಇನ್ನೊಂದನ್ನೂ ಹೇಳುತ್ತದೆ. ಅಂಥ ಕಲೆ ದೇವಡಿಯ ಹೊರಗಿನ ಕಟ್ಟೆಯ ಮೇಲೂ ಇರುತ್ತದೆ. ಯಾರು ಪಡಸಾಲೆ ಏರಬಹುದು, ಯಾರು ಕಟ್ಟೆಯ ಮೇಲೆ, ಯಾರು ಅದಕ್ಕೂ ಕೆಳಗೆ ಧೂಳಿನಲ್ಲಿ ಎಂಬುದು ಜಾತಿಯ ಲೆಕ್ಕ. ‘ನಮ್ಮ ಕಡೆ ಅತಿಥಿ ಸತ್ಕಾರ ಹೆಂಗಿತ್ತು ಗೊತ್ತೇನು’ ಎಂದು ಭಾಷಣ ಮಾಡುವವರು ಪಡಸಾಲೆಯ ಕಲೆಯನ್ನಷ್ಟೇ ತೋರಿಸುತ್ತಾರೆ. ಬಾಡಿಗೆ ಇರಲಿಲ್ಲ ನಿಜ. ಬಾಗಿಲಲ್ಲಿ ಕೇಳುತ್ತಿದ್ದ ಬೆಲೆ ಬೇರೆ ಇತ್ತು.

ಮೊರಾಕೊದ ಮಾತು ಬಂತಲ್ಲ, ಅಲ್ಲಿನ ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದಿದ್ದ. ಹೊನ್ನಾವರ, ಬಾರಕೂರು, ಮಂಗಳೂರು ನೋಡಿದ. ದೌಲತಾಬಾದಿನ ತನಕ ಬಂದರೂ ನಮ್ಮ ಕಲಬುರಗಿ ಸೀಮೆಗೆ ಇಳಿಯಲಿಲ್ಲ. ಮಲಬಾರಿನ ದಾರಿಯ ಬಗ್ಗೆ ಅವನು ಬರೆಸಿದ ವಿವರ ನನಗೆ ಬಹಳ ಹಿಡಿಸುತ್ತದೆ: ಅರ್ಧರ್ಧ ಮೈಲಿಗೆ ಕಟ್ಟಿಗೆಯ ಮನೆ, ಕೂಡಲು ಕಟ್ಟೆ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ತಮ್ಮವರಾದರೆ ಪಾತ್ರೆಯಲ್ಲಿ ನೀರು, ಮುಸಲ್ಮಾನರಾದರೆ ಬೊಗಸೆಗೆ ಮೇಲಿನಿಂದ ಹುಯ್ಯುವುದು. ದೇಶ ಸುತ್ತಿದ ಮನುಷ್ಯ ಸಿಟ್ಟು ಮಾಡಿಕೊಳ್ಳದೆ ಇದ್ದದ್ದನ್ನು ಇದ್ದಂತೆ ಹೇಳಿದ್ದಾನೆ. ನೀರು ಎಲ್ಲರಿಗೂ ಸಿಕ್ಕಿತು, ಪಾತ್ರೆ ಸಿಗಲಿಲ್ಲ. ನಮ್ಮ ಪಡಸಾಲೆ-ಕಟ್ಟೆಯ ಕಥೆಯೂ ಇಷ್ಟೇ.

ಅರಬ್ ಮಂದಿಗೆ ನಮ್ಮ ಊರು ಗೊತ್ತೇ ಇರಲಿಲ್ಲ ಎಂದಲ್ಲ. ಇಂದು ಸೇಡಂ ತಾಲ್ಲೂಕಿನ ಒಂದು ಹಳ್ಳಿಯಾಗಿರುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲೇ, ಅಂದರೆ 851ರ ಹೊತ್ತಿಗೆ, ಅರಬ್ ವ್ಯಾಪಾರಿಗಳ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ಅರಸರ ಸಾಲಿನಲ್ಲಿ ‘ಬಲ್ಹರಾ’ ಎಂದು ನಮ್ಮ ರಾಜನ ಹೆಸರಿದೆ. ಮುಂದಿನ ಶತಮಾನದಲ್ಲಿ ಅಲ್-ಮಸೂದಿ ಅವನ ರಾಜಧಾನಿಯನ್ನು ‘ಮಾಂಕೀರ್’ ಎಂದು ಕರೆದ. ಅಷ್ಟು ದೊಡ್ಡ ಪಟ್ಟಣಕ್ಕೆ ಬಂದ ವ್ಯಾಪಾರಿಗಳು, ಕವಿಗಳು, ಜೈನ ಮುನಿಗಳು ಎಲ್ಲಿ ತಂಗಿದರೋ, ಆ ಕಟ್ಟಡಗಳಲ್ಲಿ ಒಂದೂ ಮೈಯುಳಿಸಿಕೊಂಡು ನಿಂತಿಲ್ಲ. ಈಗ ಕಾಗಿಣಾ ದಂಡೆಯ ಮೇಲೆ ಕಾಣುವ ಕೋಟೆ ಆಮೇಲಿನದು. ಮಳಖೇಡದಲ್ಲಿ ಇಂದಿಗೂ ತಂಗುವ ಜಾಗ ಎಂದರೆ ಉತ್ತರಾದಿ ಮಠ. ಆಷಾಢದಲ್ಲಿ ಮಾಧ್ವ ಗುರು ಟೀಕಾಚಾರ್ಯರ ಆರಾಧನೆಗೆ ಬಂದ ಮಂದಿ ಅಲ್ಲಿಯೇ ಉಂಡು, ಅಲ್ಲಿಯೇ ಮಲಗುತ್ತಾರೆ. ನಾಲವಾರದ ಕೋರಿಸಿದ್ಧೇಶ್ವರ ಮಠದ್ದೂ, ಸನ್ನತಿಯ ಚಂದ್ರಲಾಂಬಾ ಗುಡಿಯದೂ ಇದೇ ರೀತಿ. ಜಾತ್ರೆ ಬಂದರೆ ಇಡೀ ಪ್ರಾಕಾರವೇ ವಸತಿ.

ಸನ್ನತಿಯ ಹೆಸರು ತೆಗೆದ ಮೇಲೆ ಅಶೋಕನನ್ನು ಬಿಡಲಾಗದು. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲು ಹೊರಬಂದು ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹದ ಜೊತೆ ಅವನ ಚಿತ್ರವೇ ಸಿಕ್ಕಿತು, ಅದೂ ಸುಣ್ಣದ ಕಲ್ಲಿನ ಮೇಲೆ. ದಾರಿಗೆ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುದಾಣ ಮಾಡಿಸಿದೆ ಎಂದು ಅಶೋಕ ಹೇಳಿಕೊಂಡಿರುವುದು ಇಲ್ಲಿ ಅಲ್ಲ, ಈಗ ದಿಲ್ಲಿಯಲ್ಲಿರುವ ಸ್ತಂಭದ ಮೇಲೆ. ಆದರೂ ತಂಗುದಾಣ ಕಟ್ಟುವುದು ಅರಸನ ಕೆಲಸ ಎಂಬ ತಿಳಿವಳಿಕೆ ಅಷ್ಟು ಹಳೆಯದು. ಬಹಮನಿಗಳಿಂದ ನಿಜಾಮರ ತನಕ ಸರಾಯಿ, ಮುಸಾಫಿರಖಾನಾ ಕಟ್ಟಿಸಿದ್ದು ಅದೇ ಸಾಲಿಗೆ ಸೇರುತ್ತದೆ.

ಇನ್ನು ರೈಲು. 1871ರಲ್ಲಿ ಜಿ.ಐ.ಪಿ. ರೈಲ್ವೆಯವರು ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ್, ವಾಡಿ ಮೇಲೆ ಹಾಯ್ದು ರಾಯಚೂರಿಗೆ ಮುಟ್ಟಿ, ಮದರಾಸ್ ರೈಲ್ವೆಯ ಹಳಿಗೆ ಜೋಡಿಸಿದರು. ಮುಂಬಯಿ-ಮದರಾಸು ಒಂದಾಯಿತು. ನಿಜಾಮರ ರಾಜಧಾನಿ ಮಾತ್ರ ಬದಿಗೆ ಉಳಿಯಿತು. ಮೊದಲನೇ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲೇ, 1874ರಲ್ಲಿ, ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಹೊಲದ ನಡುವಿನ ವಾಡಿ ಒಮ್ಮೆಲೇ ಜಂಕ್ಷನ್ ಆಯಿತು. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ.

ವಾಡಿ ಬೆಳೆದದ್ದೇ ಕಾಯುವವರಿಂದ. ಒಂದು ಕಂಪನಿಯ ಗಾಡಿ ಇಳಿದು ಇನ್ನೊಂದು ಕಂಪನಿಯ ಗಾಡಿ ಹತ್ತಬೇಕು. ನಡುವೆ ತಾಸುಗಟ್ಟಲೆ, ಒಮ್ಮೊಮ್ಮೆ ಇಡೀ ರಾತ್ರಿ. ಮೇಲಿನ ಕ್ಲಾಸಿನವರಿಗೆ ಬೆತ್ತದ ಕುರ್ಚಿಯ ವೇಟಿಂಗ್ ರೂಮು, ಊಟದ ಕೋಣೆ. ಮೂರನೇ ಕ್ಲಾಸಿನವರಿಗೆ ಮುಸಾಫಿರಖಾನೆಯ ಬರೀ ನೆಲ. ಮುತ್ಯಾ ಹೈದರಾಬಾದಿಗೆ ಹೋಗುವಾಗ ರೊಟ್ಟಿಗಂಟನ್ನೇ ತಲೆದಿಂಬು ಮಾಡಿ ಅಲ್ಲೇ ಮಲಗಿದ್ದನಂತೆ. ಅವನಿಗೆ ಸೋಜಿಗವೆನಿಸಿದ್ದು ಒಂದೇ ಸಂಗತಿ: ಪಕ್ಕದಲ್ಲಿ ಮಲಗಿದವ ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಟಿಕೀಟು ಅದನೋ ಇಲ್ಲೋ ಅಷ್ಟೇ. ಕೇಳುವ ಹಾಗೆಯೂ ಇರಲಿಲ್ಲ, ಜಾಗ ಅಷ್ಟು ಇಕ್ಕಟ್ಟು. ಆದರೆ ಬೆಳಗ್ಗೆ ನೀರು ಕುಡಿಯುವಾಗ ಸ್ಟೇಷನ್ನಿನಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಬೇರೆಬೇರೆ ಕೊಡ. ಬತೂತಾ ಕಂಡ ಬೊಗಸೆ ಐದು ನೂರು ವರ್ಷದ ಮೇಲೂ ಇತ್ತು.

ರೊಕ್ಕ ಕೊಟ್ಟರೆ ಎಲ್ಲರಿಗೂ ಖೋಲಿ ಸಿಗುತ್ತಿತ್ತು ಎಂದೂ ತಿಳಿಯಬೇಡಿ. ವಿಲಾಯತಿಯಲ್ಲಿ ಓದಿ ಬಂದ ಅಂಬೇಡ್ಕರರನ್ನು ಬರೋಡಾದ ಪಾರ್ಸಿ ವಸತಿಗೃಹದಿಂದ ಬಡಿಗೆ ಹಿಡಿದು ಹೊರಗೆ ಹಾಕಿದ್ದು ಅವರೇ ಬರೆದ ಸಂಗತಿ. ಹಾಗಿದ್ದರೂ ಬಾಡಿಗೆಯ ಖೋಲಿ ಒಂದು ಬಾಗಿಲು ತೆರೆಯಿತು. ಕಾನೂನಿನ ಮುಂದೆ ತಂದು ‘ಯಾಕೆ ಕೊಡೋದಿಲ್ಲ?’ ಎಂದು ಕೇಳಬಹುದಾದ ಬಾಗಿಲು ಅದು. ಪಡಸಾಲೆಯನ್ನು ಹಾಗೆ ಕೇಳಲು ಬರುತ್ತಿರಲಿಲ್ಲ, ಅದು ಮನೆಯವರ ಮರ್ಜಿ.

ಅದೇ ರೈಲು ನಮ್ಮ ಕಲ್ಲನ್ನು ಹೊತ್ತುಕೊಂಡು ಹೋಯಿತು. ಮುಂಬಯಿ, ಪುಣೆ ಕಡೆ ಮನೆ ಕಟ್ಟಿಸುವವರು ಇಂದಿಗೂ ‘ಶಹಾಬಾದಿ ಫರಶಿ’ ಎನ್ನುತ್ತಾರೆ. ನಮ್ಮೂರು ಎಲ್ಲಿದೆ ಎಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ.

ಮುಂಬಯಿಯಿಂದ ನಿಜಾಮರ ಮೆಹಮಾನರಾಗಿ ಹೊರಟವರೂ ವಾಡಿ ದಾಟಿಯೇ ಹೋದರು. ಹೈದರಾಬಾದಿನ ಫಲಕ್‌ನುಮಾ ಅರಮನೆಗೆ 1884ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದವರು ಪಾಯಿಗಾ ಮನೆತನದ ವಿಕಾರ್-ಉಲ್-ಉಮ್ರಾ. ಆಮೇಲೆ ಅದು ನಿಜಾಮರ ಕೈಸೇರಿ ಅತಿಥಿಗಳ ಅರಮನೆಯಾಯಿತು. ಬಹಳ ವರ್ಷ ಬೀಗ ಬಿದ್ದಿದ್ದು, 2010ರಲ್ಲಿ ತಾಜ್ ಹೋಟೆಲ್ ಆಗಿ ತೆರೆಯಿತು. ಪಾಯಿಗಾದವರ ಜಾಗೀರುಗಳು ನಮ್ಮ ಬೀದರ್-ಕಲಬುರಗಿ ಕಡೆಯೂ ಇದ್ದವು. ಅಂದ ಮೇಲೆ ಆ ಸಂಗಮರವರಿ ಮೆಟ್ಟಿಲಿನಲ್ಲಿ ನಮ್ಮ ಜೋಳ-ತೊಗರಿಯ ಪಾಲೂ ಸ್ವಲ್ಪ ಇರಬೇಕು. ನಮ್ಮವರು ಅಲ್ಲಿ ಒಂದು ರಾತ್ರಿ ಮಲಗುವುದು ಮಾತ್ರ ಆಗದ ಮಾತು.

ಕೈಗೆಟುಕುವ ಇನ್ನೊಂದು ಉದಾಹರಣೆ ಸುರಪುರದಲ್ಲಿದೆ. 1841ರಿಂದ 1853ರ ತನಕ ಅಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ‘ಟೇಲರ್ ಮಂಜಿಲ್’. ಮುಂದೆ ಅದು ಸರಕಾರಿ ಅತಿಥಿಗೃಹವಾಯಿತು. ಅಧಿಕಾರಿಗಳು ಬಂದು ಇಳಿದುಕೊಂಡರು, ಮಾಳಿಗೆ ಸೋರಿದರೆ ರಿಪೇರಿ ಆಯಿತು. ಅದರ ಜೊತೆಯ ಎಷ್ಟೋ ಹಳೇ ಮನೆಗಳು ನೆಲ ಕಂಡವು, ಅದು ನಿಂತಿದೆ. ಮನುಷ್ಯರು ಮಲಗಿ ಏಳುವ ಕಟ್ಟಡ ಬೇಗ ಬೀಳುವುದಿಲ್ಲ. ಮ್ಯೂಸಿಯಂ ಮಾಡಿ ಬೀಗ ಹಾಕಿದ ಕಟ್ಟಡವೇ ಮೊದಲು ಬೀಳುತ್ತದೆ.

ನಮ್ಮ ವಾಡೆಗಳಿಗೆ ಬಿದ್ದ ಪೆಟ್ಟು ಎಲ್ಲಿಂದ ಬಂತು ಎಂದರೆ ನಮ್ಮದೇ ಕಲ್ಲಿನಿಂದ. ಸುಣ್ಣದ ಕಲ್ಲನ್ನು ಎಬ್ಬಿಸಿ ಹಾಸಿದರೆ ಪರಸಿ. ಒಡೆದು, ಅರೆದು, ಭಟ್ಟಿಯಲ್ಲಿ ಸುಟ್ಟರೆ ಸಿಮೆಂಟ್. ಶಹಾಬಾದಿನ ಕಾರ್ಖಾನೆ ನಿಜಾಮರ ಕಾಲದ್ದು. 1968ರಲ್ಲಿ ವಾಡಿಗೆ ಎ.ಸಿ.ಸಿ. ಬಂತು. 1980ರ ದಶಕದಲ್ಲಿ ಮಳಖೇಡಕ್ಕೆ ರಾಜಶ್ರೀ, ಸೇಡಮ್ಮಿಗೆ ವಾಸವದತ್ತಾ. ಕಾರ್ಖಾನೆಗಳ ಜೊತೆ ಅವುಗಳ ಗೆಸ್ಟ್ ಹೌಸು, ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ, ಖಾನಾವಳಿಯ ಮೇಲೆ ಲಾಡ್ಜು. ಕೆಲಸಕ್ಕೆ ಬಂದ ಫಿಟ್ಟರು, ಲಾರಿ ಡ್ರೈವರು, ಸೇಲ್ಸಿನವರು ರೊಕ್ಕ ಕೊಟ್ಟು ಮಲಗಲು ಕಲಿಸಿದರು. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ, ನನ್ನ ಅಂಗಡಿ ನಡೆದದ್ದೂ ಅದೇ ಕಾಲದಲ್ಲಿ. ಆದರೆ ವಾಡೆಯ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು, ಅಂಗಳದ ನಡುವೆ ಗೋಡೆ ಎಬ್ಬಿಸಿ, ಆಮೇಲೆ ಅದನ್ನೂ ಕೆಡವಿ ಆರ್‌ಸಿಸಿ ಹಾಕಿಸಿದ್ದೂ ಆಗಲೇ. ಮೇ ತಿಂಗಳಲ್ಲಿ ಅಂಥ ಮನೆಯ ಒಳಗೆ ಕೂತವರೇ ಬಲ್ಲರು ಅದರ ಸುಖ.

ವಾಡೆ ಕೆಡವುವಾಗ ನನಗೂ ಕರೆ ಬರುತ್ತದೆ, ಪರಸಿಗೆ ಎಷ್ಟು ಬಂದೀತು ಎಂದು. ಕೆಡವುವುದಕ್ಕೂ ಒಂದು ಕ್ರಮವಿದೆ. ಮೊದಲು ತಲಬಾಗಿಲು, ಕಂಬ, ಬೋದಿಗೆ ಇಳಿಸುತ್ತಾರೆ. ಅವಕ್ಕೆ ಹೈದರಾಬಾದಿನಿಂದ ಗಿರಾಕಿ ಬರುತ್ತಾರೆ. ಆಮೇಲೆ ತೊಲೆ, ಜಂತಿ. ಕಡೆಗೆ ನೆಲ. ಗೋಡೆಯ ಕಲ್ಲು ಮಾತ್ರ ಅಲ್ಲೇ ಹೊಸ ಮನೆಯ ತಳಪಾಯಕ್ಕೆ ಹೋಗುತ್ತದೆ. ಹಳೇ ಪರಸಿಗೆ ಈಗ ಒಳ್ಳೇ ದರವಿದೆ. ‘ಮಷೀನ್ ಪಾಲಿಶ್ ಬೇಡ, ನೂರು ವರ್ಷ ಕಾಲು ಆಡಿದ್ದೇ ಬೇಕು’ ಎಂದು ದೊಡ್ಡ ಊರುಗಳ ಹೋಟೆಲ್ ಕಟ್ಟುವವರು ಕೇಳುತ್ತಾರೆ. ನಮ್ಮ ಪಡಸಾಲೆಯ ನೆಲ ಅಲ್ಲಿಗೆ ಹೋಗಿ, ಅದನ್ನು ಮೆಟ್ಟಲು ನಮ್ಮ ಮಕ್ಕಳೇ ರೊಕ್ಕ ಕೊಡುತ್ತಾರೆ.

ಹಾಗಾದರೆ ಇಲ್ಲೇ ಯಾಕೆ ಆಗಬಾರದು? ಕೇಳಿದರೆ ನಾಲ್ಕು ಉತ್ತರ ಬರುತ್ತವೆ. ಇಲ್ಲಿಗೆ ಯಾರು ಬರುತ್ತಾರೆ? ಬರುತ್ತಾರೆ: ಸನ್ನತಿಗೆ ಬೌದ್ಧರು, ಮಳಖೇಡಕ್ಕೆ ಮಾಧ್ವರು, ಜೈನರು, ಕನ್ನಡ ಎಂ.ಎ. ಹುಡುಗರು, ಚಿಂಚೋಳಿ ಕಾಡಿಗೆ, ಚಂದ್ರಂಪಳ್ಳಿ ಕೆರೆಗೆ, ಎತ್ತಿಪೋತಕ್ಕೆ ಹೈದರಾಬಾದಿನ ಮಂದಿ. ಎಲ್ಲರೂ ಸಂಜೆಯಾದರೆ ಕಲಬುರಗಿಗೋ ತಾಂಡೂರಿಗೋ ಓಡುತ್ತಾರೆ. ಎರಡನೆಯದು ಪಾಯಖಾನೆ ಒಳಗಿಲ್ಲ ಎಂಬುದು. ಅದು ಒಂದು ತಿಂಗಳ ಕೆಲಸ. ಮೂರನೆಯದು ಹಿಸ್ಸೆದಾರರ ಸಹಿ, ಅದು ನಿಜಕ್ಕೂ ಕಠಿಣ, ನನ್ನ ಹತ್ತಿರ ಮದ್ದಿಲ್ಲ. ನಾಲ್ಕನೆಯದು ಮುತ್ಯಾನ ಮಾತು, ‘ಮನಿಗೆ ಬಂದವ್ರ ಹಂತ್ಯಾಕ ರೊಕ್ಕಾ ತಗೋಳ್ಳೋದಾ?’ ಎಂಬ ಮರ್ಯಾದೆಯ ಪ್ರಶ್ನೆ. ಇದಕ್ಕೆ ನನ್ನ ಉತ್ತರ ಸಿದ್ಧವಿದೆ. ಮನೆ ಒಡೆದು ಕಂಬ ಮಾರಿ ರೊಕ್ಕ ತೆಗೆದುಕೊಳ್ಳುವಾಗ ಹೋಗದ ಮರ್ಯಾದೆ, ಒಂದು ಖೋಲಿಯ ಬಾಡಿಗೆ ತೆಗೆದುಕೊಂಡರೆ ಹೋಗುತ್ತದೆಯೇ? ಬಾಡಿಗೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ರೊಕ್ಕ ಕೊಟ್ಟವರನ್ನು ದೇವಡಿಯ ಹೊರಗಿನ ಕಟ್ಟೆಯ ಮೇಲೆ ಕೂಡಿಸಲು ಬರುವುದಿಲ್ಲ. ಎಲ್ಲರೂ ಪಡಸಾಲೆ ಏರಬೇಕು. ಮುತ್ಯಾನ ಕಾಲದಲ್ಲಿ ಆಗದ ಕೆಲಸ ಅದು.

ನೀರಿನ ಕಾರಂಜಿ, ಕಿತ್ತಳೆ ಗಿಡ ತಂದು ಮರ್ರಾಕೆಶ್ ಮಾಡಲು ಹೋಗಬೇಡಿ. ಬಂದವರಿಗೆ ಬಿಸಿ ರೊಟ್ಟಿ, ತೊಗರಿಬ್ಯಾಳಿ, ಪರಸಿಯ ಮೇಲೊಂದು ಗಾದಿ ಸಾಕು. ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ವಾಡೆ ಇನ್ನೂ ನಿಂತಿರುವವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ: ಮಾರುವ ಮುಂಚೆ ಎರಡು ಖೋಲಿ ಸರಿಮಾಡಿಸಿ ಒಂದೆರಡು ವರ್ಷ ಬಾಡಿಗೆಗೆ ಕೊಟ್ಟು ನೋಡಿ. ಮಾರುವುದು ಯಾವಾಗಲೂ ಇದ್ದೇ ಇದೆ. ನೆಲದ ಚಿಂತೆ ಬೇಡ, ಅದು ನಿಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ. ಹಾಳಾಗುವುದು ಮೇಲಿನಿಂದ. ಮಿರಗದ ಮಳೆ ಹಿಡಿಯುವ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ದೋಣಿ ಕಟ್ಟಿದ್ದರೆ ಬಿಡಿಸಿ.